ಕೃಪೆ ಮತ್ತು ಕಟ್ಟಳೆ: ವಿಟ್ಟೆನ್‌ಬರ್ಗಿನಿಂದ ಬಾಸ್ಟನ್ನಿನವರೆಗೆ

ಕ್ರೈಸ್ತ ಚಿಂತನೆಯ ಎರಡು ಸಾವಿರ ವರ್ಷಗಳ ಇತಿಹಾಸದಲ್ಲಿ ಪದೇ ಪದೇ ತಲೆಯೆತ್ತಿದ ಪ್ರಶ್ನೆಯೊಂದಿದೆ. ಮನುಷ್ಯನ ಉದ್ಧಾರವು ದೇವರ ಕೃಪೆಯಿಂದಲೇ ಆಗುವುದಾದರೆ, ದೇವರ ಕಟ್ಟಳೆಗಳನ್ನು ಪಾಲಿಸುವುದಕ್ಕೆ ಉಳಿಯುವ ಸ್ಥಾನ ಯಾವುದು? ಪಾಲನೆಯಿಂದ ಉದ್ಧಾರ ದೊರೆಯುವುದಾದರೆ ಕೃಪೆಯ ಅಗತ್ಯವೇನು? ಕೇಳಲು ಇದು ಪಂಡಿತರ ಜಗುಲಿಯ ಜಿಜ್ಞಾಸೆಯಂತೆ ತೋರುತ್ತದೆ. ಆದರೆ ಈ ಪ್ರಶ್ನೆಯ ಸುತ್ತ ಹಳೆಯ ಗೆಳೆತನಗಳು ಮುರಿದಿವೆ, ಚುನಾವಣೆಗಳ ಫಲಿತಾಂಶ ಬದಲಾಗಿದೆ, ಹೆಂಗಸೊಬ್ಬಳು ಚಳಿಗಾಲದುದ್ದಕ್ಕೂ ಬಂಧನದಲ್ಲಿದ್ದು ವಸಂತ ಬರುತ್ತಿದ್ದಂತೆ ಗಡೀಪಾರಾಗಿದ್ದಾಳೆ. 1637ರಲ್ಲಿ ಅಮೆರಿಕದ ಮಸಾಚುಸೆಟ್ಸ್ ವಸಾಹತಿನಲ್ಲಿ ನಡೆದ ಆನ್ ಹಚಿನ್‌ಸನ್ ಎಂಬಾಕೆಯ ವಿಚಾರಣೆ ಈ ದೃಷ್ಟಿಯಿಂದ ಮುಖ್ಯವಾದುದು. ಕೃಪೆ ಮತ್ತು ಕಟ್ಟಳೆಗಳ ಸಂಬಂಧ ಒಂದು ಸಮಾಜದ ಆಡಳಿತದ ಪ್ರಶ್ನೆಯಾಗಿ ಹೇಗೆ ಮಾರ್ಪಟ್ಟಿತು ಎಂಬುದನ್ನು ಅದು ಬಲು ಸ್ಪಷ್ಟವಾಗಿ ತೋರಿಸುತ್ತದೆ.

ಮೊದಲಿಗೆ ಪದಗಳ ಬಗೆಗೆ ಒಂದು ಮಾತು ಅಗತ್ಯ. ಕನ್ನಡ ಬೈಬಲಿನಲ್ಲಿ ಮೋಶೆಯ ಮೂಲಕ ಇಸ್ರಾಯೇಲ್ಯರಿಗೆ ದೊರೆತ ಕಟ್ಟಳೆಗಳಿಗೆ ‘ಧರ್ಮಶಾಸ್ತ್ರ’ ಎಂಬ ಪದವನ್ನು ಬಳಸಲಾಗಿದೆ. ದೇವರ ನಿರ್ಹೇತುಕವಾದ ಅನುಗ್ರಹಕ್ಕೆ ‘ಕೃಪೆ’ ಎಂಬ ಪದವಿದೆ. ಧರ್ಮಶಾಸ್ತ್ರವೆಂದೊಡನೆ ಕನ್ನಡ ಓದುಗರಿಗೆ ಸ್ಮೃತಿಗ್ರಂಥಗಳು ನೆನಪಾಗುವುದು ಸಹಜ. ಮೂಲದಲ್ಲಿರುವ ಹೀಬ್ರೂ ಪದ ‘ತೋರಾ’. ಅದಕ್ಕೆ ಬೋಧನೆ, ಮಾರ್ಗದರ್ಶನ ಎಂಬ ಅರ್ಥಗಳಿವೆ. ಗ್ರೀಕಿಗೆ ಬಂದಾಗ ಅದು ‘ನೊಮೊಸ್’ ಆಯಿತು. ನೊಮೊಸ್ ಎಂದರೆ ಕಾನೂನು, ರೂಢಿ, ನಿಯಮ. ಬೋಧನೆಯು ಕಾನೂನಾಗಿ ಅನುವಾದಗೊಂಡ ಈ ಪಲ್ಲಟವು ಮುಂದಿನ ವಾದಗಳ ಸ್ವರೂಪವನ್ನು ಬಹುಮಟ್ಟಿಗೆ ಪ್ರಭಾವಿಸಿತು ಎನ್ನಬಹುದು.

ಪೌಲನಿಂದ ಅಗಸ್ಟೀನನವರೆಗೆ

ವಾದದ ಬೀಜ ಹೊಸ ಒಡಂಬಡಿಕೆಯಲ್ಲಿಯೇ ಇದೆ. ಕ್ರಿಸ್ತಶಕ ಒಂದನೆಯ ಶತಮಾನದ ನಡುವಿನಲ್ಲಿ ಪೌಲನು ಗಲಾತ್ಯದವರಿಗೂ ರೋಮಾಪುರದವರಿಗೂ ಬರೆದ ಪತ್ರಗಳಲ್ಲಿ, ಮನುಷ್ಯನು ನೀತಿವಂತನೆಂದು ಎಣಿಸಲ್ಪಡುವುದು ಧರ್ಮಶಾಸ್ತ್ರದ ಕ್ರಿಯೆಗಳಿಂದಲ್ಲ, ನಂಬಿಕೆಯಿಂದ ಎಂದು ಪ್ರತಿಪಾದಿಸಿದನು. ಆಗ ಅವನ ಮುಂದಿದ್ದ ತಕ್ಷಣದ ಪ್ರಶ್ನೆ ವ್ಯಾವಹಾರಿಕವಾದುದು. ಯೆಹೂದ್ಯರಲ್ಲದ ಜನ ಕ್ರೈಸ್ತ ಸಭೆಗೆ ಸೇರಲು ಸುನ್ನತಿ ಮಾಡಿಸಿಕೊಳ್ಳಬೇಕೆ, ಆಹಾರದ ನಿಯಮಗಳನ್ನು ಪಾಲಿಸಬೇಕೆ ಎಂಬುದು. ಪೌಲನ ಉತ್ತರ ‘ಬೇಡ’ ಎಂದಾಗಿತ್ತು. ಆದರೆ ಆ ಉತ್ತರಕ್ಕೆ ಅವನು ನೀಡಿದ ಕಾರಣ ಸುನ್ನತಿಯ ಪ್ರಶ್ನೆಯನ್ನು ಮೀರಿ ಬೆಳೆಯಿತು. ಹಾಗಾದರೆ ಪಾಪ ಮಾಡುತ್ತಲೇ ಇರಬಹುದೆ ಎಂಬ ಆಕ್ಷೇಪ ಬರುವುದೆಂದು ಪೌಲನೇ ಊಹಿಸಿ, ಖಂಡಿತ ಕೂಡದು ಎಂದು ರೋಮಾಪುರದ ಪತ್ರದಲ್ಲಿ ಉತ್ತರಿಸಿದ್ದಾನೆ. ಅದೇ ಹೊಸ ಒಡಂಬಡಿಕೆಯಲ್ಲಿರುವ ಯಾಕೋಬನ ಪತ್ರವಾದರೋ ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎನ್ನುತ್ತದೆ. ಇಬ್ಬರೂ ಅಬ್ರಹಾಮನನ್ನೇ ಉದಾಹರಣೆಯಾಗಿ ತೆಗೆದುಕೊಂಡಿರುವುದು ಗಮನಾರ್ಹ. ಒಬ್ಬನಿಗೆ ಆತ ನಂಬಿದವನು. ಇನ್ನೊಬ್ಬನಿಗೆ ಮಗನಾದ ಇಸಾಕನನ್ನು ಬಲಿಪೀಠದ ಮೇಲಿಟ್ಟು ನಂಬಿಕೆಯನ್ನು ಕ್ರಿಯೆಯಲ್ಲಿ ತೋರಿಸಿದವನು.

ಐದನೆಯ ಶತಮಾನದ ಆರಂಭದಲ್ಲಿ ಪ್ರಶ್ನೆ ಇನ್ನೊಂದು ರೂಪ ತಾಳಿತು. ಬ್ರಿಟನ್ ಮೂಲದ ಪೆಲೇಜಿಯಸ್ ರೋಮಿನಲ್ಲಿ ಕಟ್ಟುನಿಟ್ಟಿನ ನೈತಿಕ ಜೀವನವನ್ನು ಬೋಧಿಸುತ್ತಿದ್ದವನು. ಉತ್ತರ ಆಫ್ರಿಕದ ಹಿಪ್ಪೋದ ಬಿಷಪ್ ಅಗಸ್ಟೀನನು ತನ್ನ ‘ಕನ್ಫೆಷನ್ಸ್’ ಗ್ರಂಥದಲ್ಲಿ, ಆಜ್ಞಾಪಿಸುವುದನ್ನು ಪಾಲಿಸುವ ಶಕ್ತಿಯನ್ನೂ ನೀನೇ ಕೊಡು ಎಂಬ ಭಾವದಲ್ಲಿ ದೇವರನ್ನು ಬೇಡಿಕೊಂಡಿದ್ದು ಪೆಲೇಜಿಯಸನನ್ನು ಕೆರಳಿಸಿತು. ಪಾಲಿಸಲಾಗದ ಆಜ್ಞೆಯನ್ನು ನ್ಯಾಯವಂತನಾದ ದೇವರು ಕೊಡುವುದಾದರೂ ಹೇಗೆ? ಮನುಷ್ಯನಿಗೆ ಸ್ವತಂತ್ರ ಇಚ್ಛೆಯಿದೆ, ಆದ್ದರಿಂದಲೇ ಹೊಣೆಯೂ ಇದೆ ಎಂಬುದು ಅವನ ನಿಲುವು. ಇಚ್ಛೆಯೇ ರೋಗಗ್ರಸ್ತವಾಗಿರುವಾಗ ಕೃಪೆಯಿಲ್ಲದೆ ಒಳಿತನ್ನು ಬಯಸುವುದೂ ಸಾಧ್ಯವಿಲ್ಲ ಎಂಬುದು ಅಗಸ್ಟೀನನ ನಿಲುವು. 418ರ ಕಾರ್ಥೇಜಿನ ಸಮಾಲೋಚನಾ ಸಭೆ ಪೆಲೇಜಿಯಸನ ಬೋಧನೆಯನ್ನು ಖಂಡಿಸಿತು. 431ರಲ್ಲಿ ಎಫೆಸದ ಮಹಾಸಭೆಯಲ್ಲಿಯೂ ಅವನ ಪಕ್ಷಕ್ಕೆ ಸೋಲಾಯಿತು. ಪಶ್ಚಿಮದ ಸಭೆ ತಾತ್ತ್ವಿಕವಾಗಿ ಕೃಪೆಯ ಪಕ್ಷವನ್ನು ಆರಿಸಿಕೊಂಡಿತು. ಆದರೆ ನಿತ್ಯದ ಆಚರಣೆಯಲ್ಲಿ ಪಾಪನಿವೇದನೆ, ಪ್ರಾಯಶ್ಚಿತ್ತ, ಯಾತ್ರೆ, ದಾನಗಳ ವಿಸ್ತಾರವಾದ ವ್ಯವಸ್ಥೆ ಮುಂದಿನ ಸಾವಿರ ವರ್ಷಗಳಲ್ಲಿ ಬೆಳೆಯಿತು.

ಲೂಥರ್ ಮತ್ತು ಅಗ್ರಿಕೋಲ

ಈ ವ್ಯವಸ್ಥೆಯ ವಿರುದ್ಧ ಎದ್ದ ಮಾರ್ಟಿನ್ ಲೂಥರನಿಗೆ ಪೌಲನ ಪತ್ರಗಳೇ ಆಯುಧ. 1522ರಲ್ಲಿ ಪ್ರಕಟವಾದ ತನ್ನ ಜರ್ಮನ್ ಹೊಸ ಒಡಂಬಡಿಕೆಯಲ್ಲಿ ರೋಮಾಪುರದ ಪತ್ರದ ಒಂದು ವಾಕ್ಯಕ್ಕೆ, ಗ್ರೀಕ್ ಮೂಲದಲ್ಲಿಲ್ಲದ ‘ಮಾತ್ರ’ ಎಂಬರ್ಥದ ಪದವನ್ನು ಸೇರಿಸಿ, ನಂಬಿಕೆಯಿಂದ ಮಾತ್ರ ಎಂದು ಅವನು ಅನುವಾದಿಸಿದನು. ಟೀಕೆಗಳು ಬಂದಾಗ 1530ರಲ್ಲಿ ಅನುವಾದದ ಬಗೆಗೆ ಪತ್ರರೂಪದ ಪ್ರಬಂಧವನ್ನೇ ಬರೆದು, ಜರ್ಮನ್ ನುಡಿಯ ಜಾಯಮಾನಕ್ಕೆ ಆ ಪದ ಅಗತ್ಯವೆಂದು ಸಮರ್ಥಿಸಿಕೊಂಡನು. ಅನುವಾದ ಅಧ್ಯಯನದ ವಿದ್ಯಾರ್ಥಿಗಳು ಇಂದಿಗೂ ಓದುವ ಪ್ರಬಂಧವದು. ಯಾಕೋಬನ ಪತ್ರವನ್ನು ಅವನು ಹುಲ್ಲುಕಡ್ಡಿಯ ಪತ್ರವೆಂದು ಹೀಗಳೆದದ್ದೂ 1522ರ ಆವೃತ್ತಿಯ ಮುನ್ನುಡಿಯಲ್ಲಿಯೇ.

ಇಷ್ಟು ತೀವ್ರವಾಗಿ ಕೃಪೆಯ ಪಕ್ಷ ವಹಿಸಿದ ಲೂಥರನು ಹದಿನೈದು ವರ್ಷಗಳ ಬಳಿಕ ಧರ್ಮಶಾಸ್ತ್ರದ ವಕೀಲನಾಗಿ ನಿಲ್ಲಬೇಕಾಯಿತು. ಎದುರಾಳಿ ಅವನ ಶಿಷ್ಯನೂ ಆಪ್ತನೂ ಆಗಿದ್ದ ಐಸ್ಲೆಬೆನ್ನಿನ ಯೊಹಾನ್ ಅಗ್ರಿಕೋಲ. 1527ರಲ್ಲಿ ಸ್ಯಾಕ್ಸನಿಯ ಗ್ರಾಮಸಭೆಗಳ ತಪಾಸಣೆ ನಡೆದಾಗ ಜನರ ಅಜ್ಞಾನ, ಅಶಿಸ್ತುಗಳನ್ನು ಕಂಡ ಫಿಲಿಪ್ ಮೆಲಾಂಕ್ಥನ್, ಬೋಧಕರು ಮೊದಲು ದಶಾಜ್ಞೆಗಳನ್ನು ಬೋಧಿಸಿ ಜನರಲ್ಲಿ ಪಶ್ಚಾತ್ತಾಪವನ್ನು ಹುಟ್ಟಿಸಬೇಕೆಂದು ಸೂಚಿಸಿದನು. ಪಶ್ಚಾತ್ತಾಪ ಹುಟ್ಟಬೇಕಾದುದು ದಂಡನೆಯ ಭಯದಿಂದಲ್ಲ, ಕ್ರಿಸ್ತನ ಪ್ರೀತಿಯನ್ನು ಅರಿತಾಗ. ದಶಾಜ್ಞೆಗಳ ಜಾಗ ನ್ಯಾಯಾಲಯ, ಉಪದೇಶಪೀಠವಲ್ಲ ಎಂಬುದು ಅಗ್ರಿಕೋಲನ ವಾದ. ಅಂದು ಟೋರ್ಗಾವಿನಲ್ಲಿ ರಾಜಿಯಾಯಿತು. ಹತ್ತು ವರ್ಷಗಳ ಬಳಿಕ ಅಗ್ರಿಕೋಲ ವಿಟ್ಟೆನ್‌ಬರ್ಗಿಗೆ ಬಂದು ನೆಲೆಸಿದ ಮೇಲೆ ವಾದ ಮತ್ತೆ ಹೊತ್ತಿಕೊಂಡಿತು. 1537ರಿಂದ 1540ರವರೆಗೆ ಲೂಥರ್ ಅವನ ವಿರುದ್ಧ ಸರಣಿ ವಾದಸೂತ್ರಗಳನ್ನು ರಚಿಸಿದನು. 1539ರಲ್ಲಿ ಖಂಡನಗ್ರಂಥವನ್ನೂ ಪ್ರಕಟಿಸಿದನು. ನೊಮೊಸ್‌ಗೆ ವಿರುದ್ಧರಾದವರು ಎಂಬ ಅರ್ಥದಲ್ಲಿ ‘ಆಂಟಿನೋಮಿಯನ್’ ಎಂಬ ಹೆಸರನ್ನು ಚಲಾವಣೆಗೆ ತಂದವನು ಅವನೇ. 1540ರಲ್ಲಿ ಅಗ್ರಿಕೋಲ ವಿಟ್ಟೆನ್‌ಬರ್ಗನ್ನು ತೊರೆದು ಬರ್ಲಿನ್ನಿಗೆ ಹೋದನು. ಹಳೆಯ ಗೆಳೆತನ ಮತ್ತೆ ಕೂಡಿಬರಲಿಲ್ಲ.

ಲೂಥರನ ವಾದದ ತಿರುಳು ಹೀಗಿದೆ. ಕಟ್ಟಳೆಯನ್ನು ತೆಗೆದುಹಾಕಿದರೆ ಪಾಪ ಹೋಗುವುದಿಲ್ಲ. ಪಾಪದ ಅರಿವು ಮಾತ್ರ ಹೋಗುತ್ತದೆ. ಅರಿವೇ ಇಲ್ಲದವನಿಗೆ ಕ್ಷಮೆ ಏತಕ್ಕೆ? ಅಂದರೆ, ಕೃಪೆಗೆ ಅರ್ಥ ಬರಬೇಕಾದರೆ ಕಟ್ಟಳೆ ಇರಲೇಬೇಕು. ಇದನ್ನು ಹಳೆಯ ನಿಲುವಿನಿಂದ ಜಾರಿದ್ದೆಂದು ಹೇಳುವುದು ಸರಿಯಾಗದು. ಕಟ್ಟಳೆ ಆರೋಪಿಸುತ್ತದೆ, ಸುವಾರ್ತೆ ಬಿಡಿಸುತ್ತದೆ ಎಂಬ ಜೋಡಿ ಅವನ ಚಿಂತನೆಯಲ್ಲಿ ಮೊದಲಿನಿಂದಲೂ ಇತ್ತು. 1529ರ ಅವನ ಕಿರಿಯ ಪ್ರಶ್ನೋತ್ತರ ಮಾಲೆ ದಶಾಜ್ಞೆಗಳಿಂದಲೇ ಆರಂಭವಾಗುತ್ತದೆ. ಆದರೆ ತಾನು ಯೌವನದಲ್ಲಿ ಬರೆದದ್ದನ್ನೇ ಶಿಷ್ಯನು ತನ್ನ ವಿರುದ್ಧ ಎತ್ತಿ ತೋರಿಸಿದಾಗ ಅವನು ಕೊಟ್ಟ ಸಮಾಧಾನ ಗಮನಾರ್ಹವಾದುದು. ಅಂದಿನ ಜನ ಭಯದಿಂದ ನಲುಗಿದ್ದರು, ಅವರಿಗೆ ಸಾಂತ್ವನ ಬೇಕಿತ್ತು. ಇಂದಿನವರು ನಿಶ್ಚಿಂತರಾಗಿದ್ದಾರೆ, ಇವರಿಗೆ ಎಚ್ಚರಿಕೆ ಬೇಕು ಎಂಬ ಭಾವ ಅಲ್ಲಿದೆ. ಒಂದೇ ತತ್ತ್ವವನ್ನು ಕೇಳುಗರು ಬದಲಾದಂತೆ ಬೇರೆ ಒತ್ತುಗಳೊಂದಿಗೆ ಹೇಳಬೇಕಾಗುತ್ತದೆ ಎಂಬ ಈ ಒಪ್ಪಿಗೆಯಲ್ಲಿಯೇ ಮುಂದಿನ ಶತಮಾನದ ಬಿಕ್ಕಟ್ಟಿನ ಬೇರೂ ಇದೆ.

ಜಿನೀವಾದ ಜಾನ್ ಕ್ಯಾಲ್ವಿನನು ಕಟ್ಟಳೆಗೆ ಮೂರು ಉಪಯೋಗಗಳನ್ನು ಹೇಳಿದನು. ಅದು ಪಾಪವನ್ನು ತೋರಿಸುವ ಕನ್ನಡಿ, ದುಷ್ಟರಿಗೆ ಕಡಿವಾಣ, ಉದ್ಧಾರಗೊಂಡವರಿಗೆ ದಾರಿದೀಪ. ಇವುಗಳಲ್ಲಿ ಮೂರನೆಯದೇ ಮುಖ್ಯವೆಂದು ಅವನ ಮತ. ಇಂಗ್ಲೆಂಡಿನ ಪ್ಯೂರಿಟನ್ನರು ಬೆಳೆದದ್ದು ಈ ಪರಂಪರೆಯಲ್ಲಿ.

ಬಾಸ್ಟನ್ನಿನ ಸಂದರ್ಭ

ಪ್ಯೂರಿಟನ್ನರು ಒಡಂಬಡಿಕೆಯ ಭಾಷೆಯಲ್ಲಿ ಯೋಚಿಸಿದರು. ದೇವರು ಆದಿಪುರುಷನಾದ ಆದಾಮನೊಡನೆ ಮಾಡಿಕೊಂಡದ್ದು ಕ್ರಿಯೆಗಳ ಒಡಂಬಡಿಕೆ. ಅದನ್ನು ಆತ ಮುರಿದನು. ಅನಂತರ ಕ್ರಿಸ್ತನ ಮೂಲಕ ಬಂದದ್ದು ಕೃಪೆಯ ಒಡಂಬಡಿಕೆ. ಯಾರು ಉದ್ಧಾರವಾಗುವರೆಂಬುದನ್ನು ದೇವರು ಅನಾದಿಯಲ್ಲಿಯೇ ನಿರ್ಧರಿಸಿದ್ದಾನೆ. ಮನುಷ್ಯನ ಪ್ರಯತ್ನದಿಂದ ಅದು ಬದಲಾಗದು. ಇಷ್ಟರವರೆಗೆ ಅವರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ತಾನು ಆಯ್ಕೆಯಾದವರಲ್ಲಿ ಒಬ್ಬನೆಂದು ಮನುಷ್ಯನು ತಿಳಿಯುವುದು ಹೇಗೆ ಎಂಬಲ್ಲಿ ಕವಲು ಒಡೆಯಿತು. ಬಹುಪಾಲು ಬೋಧಕರ ಉತ್ತರ ಹೀಗಿತ್ತು: ಶುದ್ಧ ಜೀವನವು ಕೃಪೆಗೆ ಕಾರಣವಲ್ಲ, ಆದರೆ ಗುರುತು. ಮರ ಒಳ್ಳೆಯದಾದ್ದರಿಂದ ಹಣ್ಣು ಒಳ್ಳೆಯದಾಗಿದೆ. ಆದ್ದರಿಂದ ಹಣ್ಣನ್ನು ನೋಡಿ ಮರವನ್ನು ಅರಿಯಬಹುದು.

ಮಸಾಚುಸೆಟ್ಸಿನಲ್ಲಿ ಈ ಗುರುತಿನ ಪ್ರಶ್ನೆಗೆ ವಿಶೇಷ ತೂಕ ಬಂದಿತು. 1630ರಲ್ಲಿ ಜಾನ್ ವಿಂಥ್ರೊಪ್‌ನ ನಾಯಕತ್ವದಲ್ಲಿ ವಲಸೆ ಬಂದವರು ತಮ್ಮ ಸಮುದಾಯವೇ ದೇವರೊಡನೆ ಒಡಂಬಡಿಕೆ ಮಾಡಿಕೊಂಡಿದೆಯೆಂದು ನಂಬಿದ್ದರು. ಕ್ರೈಸ್ತ ಪ್ರೀತಿಯ ಮಾದರಿಯನ್ನು ಕುರಿತ ವಿಂಥ್ರೊಪ್‌ನ ಪ್ರಸಿದ್ಧ ಉಪನ್ಯಾಸದಲ್ಲಿ, ಆ ಒಡಂಬಡಿಕೆಯನ್ನು ಮುರಿದರೆ ದೇವರ ಕೋಪಕ್ಕೆ ಗುರಿಯಾಗಬೇಕಾದೀತೆಂಬ ಎಚ್ಚರಿಕೆಯಿದೆ. ವ್ಯಕ್ತಿಯ ಉದ್ಧಾರ ನಿರ್ಹೇತುಕ ಕೃಪೆಯಿಂದ; ಸಮುದಾಯದ ಕ್ಷೇಮ ಮಾತ್ರ ಷರತ್ತಿನಿಂದ, ಪಾಲನೆಯಿಂದ. ಈ ಎರಡೂ ನಂಬಿಕೆಗಳು ಒಂದೇ ಮನಸ್ಸಿನಲ್ಲಿ ಒಟ್ಟಿಗೆ ವಾಸವಾಗಿದ್ದವು. ಇದಲ್ಲದೆ 1631ರ ನಿಯಮದಂತೆ ಮತದಾನದ ಹಕ್ಕು ಸಭೆಯ ಸದಸ್ಯರಾದ ಗಂಡಸರಿಗೆ ಮಾತ್ರವಿತ್ತು. 1630ರ ದಶಕದ ನಡುವಿನ ವೇಳೆಗೆ ಸದಸ್ಯತ್ವ ಬಯಸುವವರು ತಮ್ಮ ಅಂತರಂಗದಲ್ಲಿ ಕೃಪೆ ಕೆಲಸ ಮಾಡಿದ ಬಗೆಯನ್ನು ಸಭೆಯ ಮುಂದೆ ನಿವೇದಿಸಬೇಕಾದ ಪದ್ಧತಿಯೂ ಬೇರೂರಿತು. ಹೀಗೆ ಯಾರಲ್ಲಿ ಕೃಪೆಯಿದೆ ಎಂಬ ಪ್ರಶ್ನೆಗೂ ಯಾರಿಗೆ ಮತವಿದೆ ಎಂಬ ಪ್ರಶ್ನೆಗೂ ನೇರ ನಂಟು ಉಂಟಾಯಿತು.

ಇಂಥ ಊರಿಗೆ 1634ರಲ್ಲಿ ಆನ್ ಹಚಿನ್‌ಸನ್ ಬಂದಳು. ಆಕೆ 1591ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರಿನ ಆಲ್ಫರ್ಡ್‌ನಲ್ಲಿ ಹುಟ್ಟಿದವಳು. ತಂದೆ ಫ್ರಾನ್ಸಿಸ್ ಮಾರ್ಬರಿ ಪಾದ್ರಿಯಾಗಿದ್ದು, ಇಂಗ್ಲೆಂಡಿನ ಸಭೆಯಲ್ಲಿ ಅನರ್ಹ ಪಾದ್ರಿಗಳೇ ತುಂಬಿದ್ದಾರೆಂದು ಟೀಕಿಸಿ ಸೆರೆವಾಸ ಅನುಭವಿಸಿದ್ದವನು. ಗಂಡ ವಿಲಿಯಂ ಬಟ್ಟೆ ವ್ಯಾಪಾರಿ. ಹದಿನೈದು ಮಕ್ಕಳನ್ನು ಹೆತ್ತ ಈ ತಾಯಿ ತನ್ನ ಮೆಚ್ಚಿನ ಬೋಧಕ ಜಾನ್ ಕಾಟನ್ ಬಾಸ್ಟನ್ನಿಗೆ ವಲಸೆ ಹೋದುದರಿಂದ ಕುಟುಂಬಸಮೇತ ಅವನನ್ನು ಹಿಂಬಾಲಿಸಿ ಬಂದಿದ್ದಳು. ಹೆರಿಗೆಯ ಸಂದರ್ಭಗಳಲ್ಲಿ ನೆರವಾಗುತ್ತಿದ್ದ ಆಕೆಗೆ ಊರಿನ ಹೆಂಗಸರ ವಿಶ್ವಾಸ ಬೇಗನೆ ದೊರೆಯಿತು. ಕಾಟನ್ನನ ಉಪದೇಶಗಳನ್ನು ಚರ್ಚಿಸಲು ಮನೆಯಲ್ಲಿ ವಾರದ ಕೂಟಗಳನ್ನು ಆರಂಭಿಸಿದಳು. ಅರುವತ್ತು, ಎಂಬತ್ತು ಜನ ಸೇರುತ್ತಿದ್ದರೆಂದು ಆಕೆಯ ವಿರೋಧಿಗಳೇ ದಾಖಲಿಸಿದ್ದಾರೆ. ಕ್ರಮೇಣ ಗಂಡಸರೂ ಬರತೊಡಗಿದರು. ಅವರಲ್ಲಿ 1636ರಲ್ಲಿ ಗವರ್ನರನಾದ ತರುಣ ಹೆನ್ರಿ ವೇನನೂ ಒಬ್ಬ.

ಹಚಿನ್‌ಸನ್ನಳ ನಿಲುವು ಸರಳವಾಗಿತ್ತು. ಶುದ್ಧ ಜೀವನವನ್ನು ಕೃಪೆಯ ಗುರುತೆಂದು ಹಿಡಿದರೆ ಜನ ಗುರುತಿಗಾಗಿಯೇ ಶುದ್ಧರಾಗಿ ತೋರಿಸಿಕೊಳ್ಳುತ್ತಾರೆ. ಕಪಟಿಯೂ ಕಟ್ಟಳೆಗಳನ್ನು ಪಾಲಿಸಬಲ್ಲ. ಆದ್ದರಿಂದ ಹಾಗೆ ಬೋಧಿಸುವವರು ಹೆಸರಿಗೆ ಕೃಪೆಯನ್ನು ಹೇಳಿದರೂ ವಾಸ್ತವದಲ್ಲಿ ಜನರನ್ನು ಕ್ರಿಯೆಗಳ ಒಡಂಬಡಿಕೆಗೇ ಮರಳಿಸುತ್ತಿದ್ದಾರೆ. ನಿಜವಾದ ಭರವಸೆ ಬರುವುದು ಪವಿತ್ರಾತ್ಮನ ನೇರ ಸಾಕ್ಷಿಯಿಂದ. ಗಮನಿಸಬೇಕಾದುದೆಂದರೆ, ದುರ್ನಡತೆಗೆ ಅವಕಾಶವಿದೆಯೆಂದು ಆಕೆ ಎಲ್ಲಿಯೂ ಬೋಧಿಸಲಿಲ್ಲ. ಆಕೆಯ ನಡತೆಯ ಮೇಲೆ ಅಂಥ ಆರೋಪವೂ ಇರಲಿಲ್ಲ. ಆಂಟಿನೋಮಿಯನ್ ಎಂಬ ಹೆಸರು ವಿರೋಧಿಗಳು ಕೊಟ್ಟದ್ದು.

ಇದರ ಪರಿಣಾಮ ಊರಿನ ಬದುಕಿನಲ್ಲಿ ಕಾಣತೊಡಗಿತು. ಬಾಸ್ಟನ್ ಸಭೆಯ ಇನ್ನೊಬ್ಬ ಬೋಧಕ ಜಾನ್ ವಿಲ್ಸನ್ ಕ್ರಿಯೆಗಳ ಒಡಂಬಡಿಕೆಯವನೆಂಬ ತಾತ್ಸಾರ ಹಬ್ಬಿತು. 1637ರಲ್ಲಿ ಪೀಕ್ವಾಟ್ ಮೂಲನಿವಾಸಿಗಳ ಮೇಲೆ ವಸಾಹತು ಯುದ್ಧ ಹೂಡಿದಾಗ, ಸೈನ್ಯದೊಡನೆ ಹೊರಟಿದ್ದ ಪಾದ್ರಿ ಇದೇ ವಿಲ್ಸನ್ ಎಂಬ ಕಾರಣದಿಂದ ಬಾಸ್ಟನ್ನಿನ ಜನ ಸೇರಲು ಹಿಂದೇಟು ಹಾಕಿದರು. ಅದೇ ವರ್ಷದ ಜನವರಿಯ ಉಪವಾಸದ ದಿನ ಹಚಿನ್‌ಸನ್ನಳ ಬಂಧು ಜಾನ್ ವೀಲ್‌ರೈಟ್ ಮಾಡಿದ ಪ್ರವಚನವನ್ನು ರಾಜದ್ರೋಹವೆಂದು ಮಾರ್ಚ್‌ನಲ್ಲಿ ತೀರ್ಮಾನಿಸಲಾಯಿತು. ಮೇ ತಿಂಗಳ ಚುನಾವಣೆಯನ್ನು ಬಾಸ್ಟನ್ನಿನಿಂದ ನ್ಯೂಟೌನಿಗೆ ವರ್ಗಾಯಿಸಲಾಯಿತು. ಮುಂದೆ ಕೇಂಬ್ರಿಜ್ ಎಂದು ಹೆಸರಾದ ಊರು ಅದು. ಚುನಾವಣೆಯಲ್ಲಿ ವೇನ್ ಸೋತು ವಿಂಥ್ರೊಪ್ ಗವರ್ನರನಾದನು. ಆಗಸ್ಟ್‌ನಲ್ಲಿ ವೇನ್ ಇಂಗ್ಲೆಂಡಿಗೆ ಮರಳಿದನು. ಆ ತಿಂಗಳ ಕೊನೆಗೆ ನ್ಯೂಟೌನಿನಲ್ಲಿ ಸೇರಿದ ಬೋಧಕರ ಸಭೆ 82 ತಪ್ಪು ಅಭಿಪ್ರಾಯಗಳ ಪಟ್ಟಿ ಮಾಡಿ ಖಂಡಿಸಿತು. ಕಾಟನ್ ನಿಧಾನವಾಗಿ ಸಹೋದ್ಯೋಗಿಗಳೊಡನೆ ಹೊಂದಿಕೊಂಡನು.

ವಿಚಾರಣೆ

ನವೆಂಬರ್ 7 ಮತ್ತು 8ರಂದು ನ್ಯೂಟೌನಿನಲ್ಲಿ ಮಹಾಸಭೆಯ ಮುಂದೆ ಹಚಿನ್‌ಸನ್ನಳ ವಿಚಾರಣೆ ನಡೆಯಿತು. ವಿಂಥ್ರೊಪ್‌ನೇ ಅಧ್ಯಕ್ಷ, ಪ್ರಶ್ನಿಸುವವನೂ ಮುಖ್ಯವಾಗಿ ಅವನೇ. ಆಕೆಗೆ ವಕೀಲರಿರಲಿಲ್ಲ. ವೀಲ್‌ರೈಟ್‌ನ ಪರವಾಗಿ ಮನವಿಗೆ ಸಹಿ ಹಾಕಿದ ಗಂಡಸರನ್ನು ಶಿಕ್ಷಿಸುವುದು ಸುಲಭವಾಗಿತ್ತು. ಹೆಂಗಸಾದ ಆಕೆ ಸಹಿ ಹಾಕಿರಲಿಲ್ಲ. ತಾನು ಮುರಿದ ಕಟ್ಟಳೆ ಯಾವುದೆಂದು ಆಕೆ ನೇರವಾಗಿ ಕೇಳಿದಳು. ವಿಂಥ್ರೊಪ್ ಐದನೆಯ ಆಜ್ಞೆಯನ್ನು ಹೆಸರಿಸಿದನು. ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಆ ಆಜ್ಞೆಯಲ್ಲಿ ತಂದೆತಾಯಿಗಳೆಂದರೆ ಆಳುವವರೂ ಸೇರುತ್ತಾರೆಂಬುದು ಅವನ ವ್ಯಾಖ್ಯಾನ. ಮನೆಯ ಕೂಟಗಳ ಮಾತು ಬಂದಾಗ, ವೃದ್ಧಸ್ತ್ರೀಯರು ಕಿರಿಯರಿಗೆ ಬೋಧಿಸಬೇಕೆಂದು ಪೌಲನು ತೀತನಿಗೆ ಬರೆದ ಪತ್ರದಲ್ಲಿರುವುದನ್ನು ಆಕೆ ಆಧಾರವಾಗಿ ಕೊಟ್ಟಳು. ಮೊದಲ ದಿನದ ಚರ್ಚೆಯಲ್ಲಿ ನ್ಯಾಯಾಲಯಕ್ಕೆ ಮೇಲುಗೈಯಾಗಲಿಲ್ಲ.

ಮುಖ್ಯ ಆರೋಪ, ಕಾಟನ್ ಹೊರತಾಗಿ ಉಳಿದ ಬೋಧಕರು ಕ್ರಿಯೆಗಳ ಒಡಂಬಡಿಕೆಯನ್ನು ಬೋಧಿಸುತ್ತಾರೆಂದು ಆಕೆ ನಿಂದಿಸಿದಳೆಂಬುದು. ಇದಕ್ಕೆ ಆಧಾರ, ಹಿಂದಿನ ವರ್ಷದ ಕೊನೆಯಲ್ಲಿ ಬೋಧಕರು ಖಾಸಗಿಯಾಗಿ ಆಕೆಯೊಡನೆ ನಡೆಸಿದ ಮಾತುಕತೆ. ಎರಡನೆಯ ದಿನ ಬೆಳಿಗ್ಗೆ ಹಚಿನ್‌ಸನ್, ಸಾಕ್ಷಿ ಹೇಳುವ ಬೋಧಕರು ಪ್ರಮಾಣ ಮಾಡಿ ಹೇಳಲಿ ಎಂದು ಒತ್ತಾಯಿಸಿದಳು. ಸಭೆಯಲ್ಲಿ ಗೊಂದಲವೆದ್ದಿತು. ದೈವಸೇವಕರ ಮಾತಿಗೆ ಪ್ರಮಾಣ ಕೇಳುವುದೆ ಎಂದು ಕೆಲವರಿಗೆ ಅಸಮಾಧಾನ. ಸುಳ್ಳು ಪ್ರಮಾಣವಾದೀತೆಂಬ ಅಳುಕು ಇನ್ನು ಕೆಲವರಿಗೆ. ಕಾಟನ್ ಎದ್ದು, ಆಕೆ ಅಷ್ಟು ಕಟುವಾಗಿ ಹೇಳಿದ್ದು ತನಗೆ ನೆನಪಿಲ್ಲವೆಂದು ಸಾಕ್ಷಿ ನುಡಿದಾಗ ಆರೋಪವೇ ಸಡಿಲವಾಯಿತು.

ಆ ಕ್ಷಣದಲ್ಲಿ ಆಕೆ ಸುಮ್ಮನಿದ್ದಿದ್ದರೆ ಪ್ರಾಯಶಃ ಎಚ್ಚರಿಕೆಯೊಂದಿಗೆ ಬಿಡುಗಡೆಯಾಗುತ್ತಿತ್ತು. ಆದರೆ ಆಕೆ ತನ್ನ ಅಂತರಂಗದ ಕಥೆಯನ್ನು ಹೇಳತೊಡಗಿದಳು. ಬೋಧಕರಲ್ಲಿ ಯಾರು ಸರಿ, ಯಾರು ತಪ್ಪು ಎಂಬುದನ್ನು ದೇವರು ತನಗೆ ತೋರಿಸಿಕೊಟ್ಟನೆಂದಳು. ಅದು ದೇವರ ಮಾತೆಂದು ಹೇಗೆ ತಿಳಿಯಿತು ಎಂದು ಕೇಳಿದಾಗ, ಮಗನನ್ನು ಅರ್ಪಿಸೆಂದವನು ದೇವರೇ ಎಂದು ಅಬ್ರಹಾಮನಿಗೆ ಹೇಗೆ ತಿಳಿಯಿತೆಂದು ಮರುಪ್ರಶ್ನೆ ಹಾಕಿದಳು. ನೇರವಾದ ದಿವ್ಯಪ್ರಕಾಶದಿಂದ ತಿಳಿಯಿತೆಂದಳು. ದಾನಿಯೇಲನನ್ನು ಸಿಂಹಗಳ ಗುಹೆಯಿಂದ ಪಾರುಮಾಡಿದ ದೇವರು ತನ್ನನ್ನೂ ಪಾರುಮಾಡುವನೆಂದೂ, ತನಗೆ ಕೇಡು ಬಗೆದರೆ ಈ ನಾಡಿಗೇ ಶಾಪ ತಟ್ಟುವುದೆಂದೂ ಎಚ್ಚರಿಸಿದಳು. ಯಾಕೋಬನೂ ಪೌಲನೂ ಹಂಚಿಕೊಂಡಿದ್ದ ಅದೇ ಅಬ್ರಹಾಮ ಇಲ್ಲಿ ಮೂರನೆಯ ರೂಪದಲ್ಲಿ ಕಾಣಿಸಿಕೊಂಡನು. ಈಗ ಅವನು ಧ್ವನಿಯೊಂದನ್ನು ಒಳಗೆ ಕೇಳಿದವನು.

ಧರ್ಮಗ್ರಂಥದ ಹೊರಗೆ ದೇವರು ಇನ್ನೂ ಮಾತನಾಡುತ್ತಾನೆಂಬ ಮಾತು ನ್ಯಾಯಾಲಯಕ್ಕೆ ಬೇಕಾಗಿದ್ದ ಸಾಕ್ಷ್ಯವನ್ನು ಒದಗಿಸಿತು. ಅನಂತರ ಮೂವರು ಬೋಧಕರು ಪ್ರಮಾಣ ಮಾಡಿದರಾದರೂ ಅದು ಔಪಚಾರಿಕವಾಗಿತ್ತು. ವಿಲಿಯಂ ಕಾಡಿಂಗ್‌ಟನ್ ಎಂಬ ಸದಸ್ಯನು, ಆಕೆ ದೇವರ ಕಟ್ಟಳೆಯನ್ನಾಗಲಿ ದೇಶದ ಕಾನೂನನ್ನಾಗಲಿ ಮುರಿದುದು ಸಿದ್ಧವಾಗಿಲ್ಲವೆಂದು ಆಕ್ಷೇಪಿಸಿದನು. ಮತಕ್ಕೆ ಹಾಕಿದಾಗ ಇಬ್ಬರು ಮಾತ್ರ ವಿರೋಧಿಸಿದರು. ಗಡೀಪಾರಿನ ಆಜ್ಞೆಯಾಯಿತು. ಕಾರಣವೇನೆಂದು ಆಕೆ ಕೇಳಿದಾಗ, ಕಾರಣ ನ್ಯಾಯಾಲಯಕ್ಕೆ ಗೊತ್ತಿದೆ, ಅದಕ್ಕೆ ತೃಪ್ತಿಯಾಗಿದೆ, ಇನ್ನು ಮಾತು ಬೇಡವೆಂಬರ್ಥದ ಉತ್ತರ ಬಂದಿತು. ಅದೇ ತಿಂಗಳು ಆಕೆಯ ಪಕ್ಷದವರೆಂದು ಗುರುತಿಸಲಾದ 75 ಗಂಡಸರ ಆಯುಧಗಳನ್ನು ಕಿತ್ತುಕೊಳ್ಳಲಾಯಿತು.

ಈ ಎರಡು ದಿನಗಳ ಕಲಾಪದಲ್ಲಿ ಪಾತ್ರಗಳು ಅದಲುಬದಲಾದುದು ವಿಚಿತ್ರವಾಗಿದೆ. ಬಾಹ್ಯ ಗುರುತುಗಳಿಂದ ಒಳಗಿನ ಸತ್ಯವನ್ನು ಅಳೆಯಬಾರದೆಂದವಳು ನ್ಯಾಯಾಲಯದಲ್ಲಿ ನಿಯಮ, ಸಾಕ್ಷಿ, ಪ್ರಮಾಣಗಳನ್ನು ಕೇಳಿದಳು. ಬಾಹ್ಯ ಗುರುತೇ ಅಳತೆಗೋಲೆಂದವರು ಕಾನೂನಿನ ಸ್ಪಷ್ಟ ಆಧಾರವಿಲ್ಲದೆ, ತಮ್ಮ ಒಳಮನಸ್ಸಿಗೆ ತೃಪ್ತಿಯಾಗಿದೆಯೆಂಬ ಆಧಾರದ ಮೇಲೆ ಶಿಕ್ಷೆ ಕೊಟ್ಟರು. ಕಟ್ಟಳೆಯ ಬೆಲೆ ಅತಿ ಹೆಚ್ಚು ತಿಳಿಯುವುದು ಅಧಿಕಾರದ ಎದುರು ನಿಂತವರಿಗೆ ಎಂಬ ಸತ್ಯವೂ ಇಲ್ಲಿ ವ್ಯಕ್ತವಾಗಿದೆ.

ಬಹಿಷ್ಕಾರ ಮತ್ತು ಅನಂತರ

ಚಳಿಗಾಲ ಕಳೆಯುವವರೆಗೆ ಹಚಿನ್‌ಸನ್ನಳನ್ನು ಮಕ್ಕಳಿಂದ ದೂರವಾಗಿ ರಾಕ್ಸ್‌ಬರಿಯ ಒಂದು ಮನೆಯಲ್ಲಿ ಇರಿಸಲಾಯಿತು. 1638ರ ಮಾರ್ಚ್ ತಿಂಗಳಲ್ಲಿ ಬಾಸ್ಟನ್ ಸಭೆಯೇ ಆಕೆಯನ್ನು ವಿಚಾರಿಸಿತು. ಮೊದಲ ದಿನ ಆಕೆಗೆ ಛೀಮಾರಿ ಹಾಕಿದವನು ಯಾರ ಉಪದೇಶಕ್ಕಾಗಿ ಆಕೆ ಸಾಗರ ದಾಟಿ ಬಂದಿದ್ದಳೋ ಆ ಕಾಟನ್. ಒಂದು ವಾರದ ಬಳಿಕ ಆಕೆ ತನ್ನ ಮೇಲೆ ಆರೋಪಿಸಲಾದ ತಪ್ಪು ಅಭಿಪ್ರಾಯಗಳನ್ನು ಬರೆಹದ ಮೂಲಕ ಹಿಂತೆಗೆದುಕೊಂಡಳು. ಆದರೆ ಬಂಧನಕ್ಕೆ ಮುಂಚೆ ತಾನು ಇಂಥ ಅಭಿಪ್ರಾಯಗಳನ್ನು ಹೊಂದಿರಲಿಲ್ಲವೆಂದದ್ದು ಸುಳ್ಳೆಂದು ಹಲವರು ಹೇಳಿದರು. ಕೊನೆಗೆ ವಿಲ್ಸನ್ ಬಹಿಷ್ಕಾರವನ್ನು ಘೋಷಿಸಿದ್ದು ಸಿದ್ಧಾಂತದೋಷದ ಜೊತೆಗೆ ಈ ಸುಳ್ಳಿನ ಕಾರಣಕ್ಕಾಗಿ. ನಡತೆಯಿಂದ ಕೃಪೆಯನ್ನು ಅಳೆಯಬಾರದೆಂದವಳನ್ನು ಅಂತಿಮವಾಗಿ ನಡತೆಯಿಂದಲೇ ಅಳೆದು, ಆಕೆಯಲ್ಲಿ ಕೃಪೆಯಿಲ್ಲವೆಂದು ತೀರ್ಮಾನಿಸಲಾಯಿತು. ಆಕೆ ಹೊರನಡೆದಾಗ ಜೊತೆಗೆ ಎದ್ದು ನಡೆದವಳು ಮೇರಿ ಡೈಯರ್ ಎಂಬ ಗೆಳತಿ. ಇಪ್ಪತ್ತೆರಡು ವರ್ಷಗಳ ಬಳಿಕ, 1660ರಲ್ಲಿ, ಇದೇ ಮೇರಿ ಡೈಯರ್ ಕ್ವೇಕರ್ ಪಂಥದವಳೆಂಬ ಕಾರಣಕ್ಕೆ ಬಾಸ್ಟನ್ನಿನಲ್ಲಿ ಗಲ್ಲಿಗೇರಿದಳು.

ಹಚಿನ್‌ಸನ್ ಕುಟುಂಬ ರೋಡ್ ಐಲೆಂಡಿನ ಅಕ್ವಿಡ್‌ನೆಕ್ ದ್ವೀಪಕ್ಕೆ ಹೋಗಿ ಪೋರ್ಟ್ಸ್‌ಮತ್ ಎಂಬ ನೆಲೆಯನ್ನು ಕಟ್ಟಿದವರಲ್ಲಿ ಸೇರಿತು. ಗಂಡನ ಮರಣಾನಂತರ ಆಕೆ ಡಚ್ಚರ ವಸಾಹತಿಗೆ, ಇಂದಿನ ನ್ಯೂಯಾರ್ಕ್ ಪ್ರದೇಶಕ್ಕೆ, ವಲಸೆ ಹೋದಳು. ಡಚ್ಚರಿಗೂ ಮೂಲನಿವಾಸಿಗಳಿಗೂ ನಡೆಯುತ್ತಿದ್ದ ಕದನದಲ್ಲಿ 1643ರಲ್ಲಿ ಆಕೆಯೂ ಹಲವು ಮಕ್ಕಳೂ ಹತರಾದರು. ಬಾಸ್ಟನ್ನಿನ ಬೋಧಕರು ಇದನ್ನು ದೇವರ ತೀರ್ಪೆಂದು ವ್ಯಾಖ್ಯಾನಿಸಿದರು.

ವಿಂಥ್ರೊಪ್ ಸಂಗ್ರಹಿಸಿದ ದಾಖಲೆಗಳ ಪುಸ್ತಕ 1644ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದು ಗೆದ್ದವರ ಕಥನ. ಹೆಚ್ಚು ಪೂರ್ಣವಾದ ವಿಚಾರಣಾ ವರದಿಯನ್ನು 1767ರಲ್ಲಿ ತನ್ನ ಮಸಾಚುಸೆಟ್ಸ್ ಇತಿಹಾಸದ ಎರಡನೆಯ ಸಂಪುಟಕ್ಕೆ ಅನುಬಂಧವಾಗಿ ಪ್ರಕಟಿಸಿದವನು ಆಕೆಯ ವಂಶಸ್ಥನೇ ಆದ ಥಾಮಸ್ ಹಚಿನ್‌ಸನ್. ಅವನು ಮುಂದೆ ಅದೇ ವಸಾಹತಿನ ಗವರ್ನರನಾದನು. ಆನ್ ಹಚಿನ್‌ಸನ್ ಬರೆದ ಪುಸ್ತಕ ಯಾವುದೂ ಇಲ್ಲ. ಆಕೆಯ ಧ್ವನಿ ಉಳಿದಿರುವುದು ಆಕೆಯನ್ನು ಶಿಕ್ಷಿಸಿದ ಸಭೆಗಳ ಕಡತಗಳಲ್ಲಿ ಮಾತ್ರ. 1850ರ ‘ದಿ ಸ್ಕಾರ್ಲೆಟ್ ಲೆಟರ್’ ಕಾದಂಬರಿಯ ಆರಂಭದಲ್ಲಿ ಹಾಥಾರ್ನ್ ಸೆರೆಮನೆಯ ಬಾಗಿಲ ಬಳಿಯ ಗುಲಾಬಿ ಗಿಡವನ್ನು ಆಕೆಯ ಹೆಸರಿನೊಡನೆ ಜೋಡಿಸಿದ್ದಾನೆ. ಕಟ್ಟಳೆ ಕೊಟ್ಟ ಗುರುತು ಮತ್ತು ಒಳಗಿನ ಸತ್ಯ ಇವೆರಡರ ನಡುವಿನ ಅಂತರವೇ ವಸ್ತುವಾದ ಆ ಕಾದಂಬರಿಯ ಹಿನ್ನೆಲೆಯಲ್ಲಿ 1637ರ ವಿವಾದವಿದೆ ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಮರೆಯಬಾರದು.

ಉಪಸಂಹಾರ

ಈ ಪ್ರಕರಣವನ್ನು ಕೃಪೆಯ ಪಕ್ಷಕ್ಕೂ ಕಟ್ಟಳೆಯ ಪಕ್ಷಕ್ಕೂ ನಡೆದ ಹೋರಾಟವೆಂದು ಸರಳವಾಗಿ ಹೇಳಲಾಗದು. ಕ್ರಿಯೆಗಳಿಂದ ಉದ್ಧಾರವೆಂದು ವಿಂಥ್ರೊಪ್ ನಂಬಿರಲಿಲ್ಲ. ಕಟ್ಟಳೆ ವ್ಯರ್ಥವೆಂದು ಹಚಿನ್‌ಸನ್ ಹೇಳಿರಲಿಲ್ಲ. ಬಾಸ್ಟನ್ನಿನಲ್ಲಿ ಕೃಪೆಯನ್ನು ಅತ್ಯಂತ ಗಾಢವಾಗಿ ಬೋಧಿಸಿದ ಕಾಟನ್ನೇ, 1636ರಲ್ಲಿ, ಮೋಶೆಯ ಕಟ್ಟಳೆಗಳನ್ನು ಆಧರಿಸಿದ ಕಾನೂನು ಸಂಹಿತೆಯ ಕರಡನ್ನೂ ವಸಾಹತಿಗೆ ಸಿದ್ಧಪಡಿಸಿಕೊಟ್ಟಿದ್ದನು. ವಿವಾದವಿದ್ದುದು ಕಾಣಿಸುವಿಕೆಯ ಬಗೆಗೆ. ಕೃಪೆ ಕಾಣುವುದಿಲ್ಲ, ಪಾಲನೆ ಕಾಣುತ್ತದೆ. ಯಾರು ಸದಸ್ಯ, ಯಾರು ಮತದಾರ, ಯಾರು ಬೋಧಕ ಎಂದು ತೀರ್ಮಾನಿಸಬೇಕಾದ ಸಮಾಜಕ್ಕೆ ಕಾಣುವ ಗುರುತೊಂದು ಬೇಕು. ಸ್ಯಾಕ್ಸನಿಯ ತಪಾಸಣೆಯಲ್ಲಿ ಮೆಲಾಂಕ್ಥನ್ನನಿಗೆ ಬೇಕಾದದ್ದೂ ಅದೇ, ಬಾಸ್ಟನ್ನಿನಲ್ಲಿ ವಿಂಥ್ರೊಪ್‌ಗೆ ಬೇಕಾದದ್ದೂ ಅದೇ. ಭಯಪಡುವ ವ್ಯಕ್ತಿಗೆ ಕೃಪೆಯ ಮಾತು ಬಿಡುಗಡೆಯಾಗಿ ಕೇಳಿಸಿದರೆ, ಜನರನ್ನು ಒಟ್ಟಾಗಿ ಹಿಡಿದಿಡಬೇಕಾದ ಆಡಳಿತಕ್ಕೆ ಅದೇ ಮಾತು ಅಪಾಯವಾಗಿ ಕೇಳಿಸಿತು.

ಹಾಗೆಂದು ವಿಂಥ್ರೊಪ್‌ನ ಆತಂಕ ಹುರುಳಿಲ್ಲದ್ದೆನ್ನುವುದು ನ್ಯಾಯವಲ್ಲ. ಒಳಗಿನ ಧ್ವನಿಯನ್ನು ಯಾವ ಒರೆಗಲ್ಲಿಗೂ ಉಜ್ಜುವಂತಿಲ್ಲವೆಂದಾದರೆ, ಒಬ್ಬರ ಧ್ವನಿಗೂ ಇನ್ನೊಬ್ಬರ ಧ್ವನಿಗೂ ಘರ್ಷಣೆಯಾದಾಗ ತೀರ್ಪು ಹೇಳುವವರು ಯಾರು? ಈ ಪ್ರಶ್ನೆಗೆ ಹಚಿನ್‌ಸನ್ನಳಲ್ಲಿ ಉತ್ತರವಿರಲಿಲ್ಲ. ಗುರುತನ್ನು ಅಳೆಯುವವರನ್ನು ಅಳೆಯುವ ಕಟ್ಟಳೆ ಯಾವುದೆಂಬ ಆಕೆಯ ಪ್ರಶ್ನೆಗೆ ಅಂದಿನ ನ್ಯಾಯಾಲಯದಲ್ಲಿಯೂ ಉತ್ತರವಿರಲಿಲ್ಲ.

1641ರಲ್ಲಿ ಮಸಾಚುಸೆಟ್ಸ್ ಮಹಾಸಭೆ ತನ್ನ ಮೊದಲ ಹಕ್ಕುಗಳ ಸಂಹಿತೆಯನ್ನು ಅಂಗೀಕರಿಸಿತು. ಅಧಿಕಾರಿಗಳ ವಿವೇಚನೆಗೆ ಮಿತಿ ಬೇಕೆಂಬ ಬೇಡಿಕೆ ವಸಾಹತಿನಲ್ಲಿ ಹಲವು ವರ್ಷಗಳಿಂದ ಇದ್ದುದರಿಂದ, ಅದನ್ನು ಹಚಿನ್‌ಸನ್ ಪ್ರಕರಣದ ನೇರ ಫಲವೆನ್ನಲಾಗದು. ಆದರೆ ಅದರ ಮೊದಲ ವಿಧಿಯಲ್ಲಿ, ಪ್ರಕಟಿತವಾದ ಸ್ಪಷ್ಟ ಕಾನೂನಿನ ಬಲದಿಂದಲ್ಲದೆ, ಕಾನೂನಿಲ್ಲದೆಡೆ ದೇವವಾಕ್ಯದ ಆಧಾರದಿಂದಲ್ಲದೆ ಮಾಡಬಾರದ ದಂಡನೆಗಳ ಪಟ್ಟಿಯಿದೆ. ಗಡೀಪಾರು ಆ ಪಟ್ಟಿಯಲ್ಲಿ ಹೆಸರಿಸಿಯೇ ಸೇರಿದೆ. ನಾಲ್ಕು ವರ್ಷಗಳ ಹಿಂದೆ ನ್ಯೂಟೌನಿನಲ್ಲಿ ಆನ್ ಹಚಿನ್‌ಸನ್ ಕೇಳಿದ್ದು ಇಷ್ಟನ್ನೇ. ಆಕೆಯ ಮೇಲಿನ ಗಡೀಪಾರಿನ ಆಜ್ಞೆಯನ್ನು ಮಸಾಚುಸೆಟ್ಸ್ ರಾಜ್ಯದ ಗವರ್ನರ್ ಅಧಿಕೃತವಾಗಿ ರದ್ದುಪಡಿಸಿದ್ದು 1987ರಲ್ಲಿ, ಅಂದರೆ ಮುನ್ನೂರ ಐವತ್ತು ವರ್ಷಗಳ ಬಳಿಕ.